ಮದುವೆ ಬಸ್ಸಿನಲ್ಲಿ ಅರ್ಕಾವತಿಗೆ

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಮ್ಮ ರಸಾಯನಶಾಸ್ತ್ರದ ಮೇಡಂ ಒಂದು ದಿನ ಪಾಠವನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದರು: "ನಿಮ್ಮಲ್ಲಿ ಅರ್ಕಾವತಿ ನದಿ ನೋಡಿರೋರು ಯಾರ್ಯಾರು? ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ನಾವೆಲ್ಲ ದೊಡ್ಡಬಳ್ಳಾಪುರದ ಸುತ್ತಮುತ್ತಲಿನವರೇ. ನಾನು ರಾಜಘಟ್ಟದವಳು. ಅರ್ಕಾವತಿ ನಮ್ಮ ತಾಲ್ಲೂಕಿನ ನದಿ ಎಂದು ಪ್ರೈಮರಿ ಶಾಲೆಯಿಂದ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವರು. ಆದರೆ ದಡದಲ್ಲಿ ನಿಂತು ಅದನ್ನು ನೋಡಿದ ನೆನಪು ಯಾರಿಗೂ ಇರಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ, "ಬಸ್ಸಲ್ಲಿ ಬರೋವಾಗ ಸೇತುವೆ ಪಕ್ಕ ಬೋರ್ಡ್ ನೋಡಿದೀನಿ ಮೇಡಂ" ಅಂದ.

"ಬೋರ್ಡ್ ಟೆಸ್ಟ್ ಮಾಡಕ್ಕಾಗಲ್ಲಪ್ಪ. ನದೀನೇ ಹುಡುಕೋಣ" ಎಂದರು ಮೇಡಂ. ನದಿಯ ನೀರು ಎಷ್ಟು ಚೆನ್ನಾಗಿದೆ, ಎಲ್ಲಿ ಕೆಟ್ಟಿದೆ ಎಂದು ನಾವೇ ಹೋಗಿ ಪರೀಕ್ಷೆ ಮಾಡುವುದು, ಅದನ್ನೇ ಪ್ರಾಜೆಕ್ಟ್ ಆಗಿ ಬರೆಯುವುದು ಎಂದು ಅಲ್ಲೇ ತೀರ್ಮಾನವಾಯಿತು.

ಮೇಡಂ ದಿನಾ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದವರು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ, ಹೆಗಲಲ್ಲಿ ಗಂಡಸರ ಕೊಡೆಯಷ್ಟು ದೊಡ್ಡ ಕೊಡೆ. ಲ್ಯಾಬಿನಲ್ಲಿ ಯಾರಾದರೂ ಗಾಜು ಒಡೆದರೆ ಬೈಯುತ್ತಿರಲಿಲ್ಲ. "ಕಾಲಿಗೆ ಚುಚ್ಚಿಸ್ಕೋಬೇಡಿ" ಅನ್ನುತ್ತಿದ್ದರು. ಆ ಒಂದು ಮಾತಿಗೇ ನಾವು ಅವರು ಕರೆದಲ್ಲಿಗೆ ಹೋಗಲು ಸಿದ್ಧರಿದ್ದೆವು.

ನನ್ನ ಪ್ರಾಜೆಕ್ಟ್ ಜೊತೆಗಾರ್ತಿ ತ್ಯಾಮಗೊಂಡ್ಲು ಕಡೆಯವಳು. ಪಟ್ಟಣದಲ್ಲಿ ತನ್ನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ತೆಂಗಿನ ತೋಟದ ಈ ಕೊನೆಯಿಂದ ಆ ಕೊನೆಗೆ ಕೂಗಿ ಬೆಳೆದವಳಾದ್ದರಿಂದ ಅವಳಿಗೆ ಪಿಸುಮಾತು ಬರುತ್ತಲೇ ಇರಲಿಲ್ಲ. ನನ್ನದು ಅದಕ್ಕೆ ತದ್ವಿರುದ್ಧ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ನನ್ನ ಧ್ವನಿ ಗಂಟಲಿನ ಕೆಳಗೇ ಉಳಿದುಬಿಡುತ್ತಿತ್ತು. "ಇವಳ ಪರವಾಗಿ ನಾನು ಮಾತಾಡ್ತೀನಿ ಸಾರ್, ಮಾರ್ಕ್ಸ್ ಇವಳಿಗೆ ಕೊಡಿ" ಎಂದು ಒಮ್ಮೆ ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೇ ಹೇಳಿದ್ದಳು.

ಹೊರಡುವ ದಿನ ಬಂತು. ಅವರೆಕಾಯಿಯ ಕಾಲ, ಮುಂಜಾನೆ ಮಂಜು. ಕಾಲೇಜಿನ ಗೇಟಿನ ಮುಂದೆ ಮಂಜಿನೊಳಗಿಂದ ನಮ್ಮ ಮಿನಿ ಬಸ್ ಬಂತು. ಮುಂದುಗಡೆ ಎರಡು ಬಾಳೆಕಂದು, ಗಾಜಿನ ಮೇಲೆ ಚೆಂಡುಹೂವಿನ ಹಾರ, ಒಳಗೆಲ್ಲ ಬಣ್ಣದ ಕಾಗದದ ತೋರಣ. ಹಿಂದಿನ ದಿನ ಯಾರದೋ ಮದುವೆಗೆ ಹೋಗಿ ಬಂದ ಬಸ್ಸು.

"ತೆಗೆಯಕ್ಕೆ ಟೈಮ್ ಆಗ್ಲಿಲ್ಲ ಮೇಡಂ, ಬೀಗರನ್ನ ಬಿಟ್ಟು ಸೀದಾ ಇಲ್ಲಿಗೇ ಬಂದ್ಬಿಟ್ಟೆ" ಎಂದು ಡ್ರೈವರ್ ತಲೆ ಕೆರೆದುಕೊಂಡರು.

"ಇರ್ಲಿ ಬಿಡಿ, ನಾವೂ ಒಳ್ಳೆ ಕೆಲಸಕ್ಕೇ ಹೊರಟಿರೋದು" ಎಂದು ಮೇಡಂ ಹತ್ತಿ ಕುಳಿತರು. ಹಾಲಿನ ಪ್ಯಾಕೆಟ್ಟುಗಳನ್ನು ತರುವಂಥ ಒಂದು ಪ್ಲಾಸ್ಟಿಕ್ ಕ್ರೇಟಿನಲ್ಲಿ ರಾಸಾಯನಿಕಗಳ ಸೀಸೆಗಳನ್ನು ಜೋಡಿಸಿ, ನಡುವೆ ಹಳೆಯ ಪೇಪರ್ ತುರುಕಿದ್ದೆವು. ಅದನ್ನು ಮೊಣಕಾಲುಗಳ ನಡುವೆ ಹಿಡಿದುಕೊಳ್ಳುವ ಕೆಲಸ ನನ್ನದು. ರಸ್ತೆಯ ಪ್ರತಿ ಉಬ್ಬಿಗೂ ಸೀಸೆಗಳು ಗಲಗಲ ಅನ್ನುತ್ತಿದ್ದವು. ಹಿಂದಿನ ಸೀಟಿನಲ್ಲಿ ಹುಡುಗರು ಸೋಬಾನೆ ಪದ ಹಾಡಲು ಶುರುಮಾಡಿದ್ದರು.

ಮೊದಲು ನಂದಿ ಬೆಟ್ಟದ ಬುಡದ ಕಡೆಗೆ, ನದಿ ಹುಟ್ಟಿ ಇಳಿದು ಬರುವ ದಿಕ್ಕಿಗೆ ಹೋದೆವು. ಮೇಡಂ ಮೊಬೈಲಿನ ನಕ್ಷೆ ನೋಡಿ ದಾರಿ ಹೇಳುತ್ತಿದ್ದರು. ಡಾಂಬರು ಮುಗಿಯಿತು, ಮಣ್ಣಿನ ದಾರಿ ಬಂತು, ಕೊನೆಗೆ ಮರಳು ಮರಳಾದ ತಗ್ಗಿನಲ್ಲಿ ಬಸ್ಸು ನಿಂತಿತು. ಇಳಿದು ನೋಡಿದರೆ ಸುತ್ತ ಲಾಂಟಾನ ಪೊದೆ, ಅಲ್ಲಲ್ಲಿ ಹೊಂಗೆಮರ, ಎರಡು ಕಂಬ ನೆಟ್ಟು ಕಟ್ಟಿದ್ದ ಹರಿದ ವಾಲಿಬಾಲ್ ನೆಟ್. ನದಿಯ ಸುಳಿವೇ ಇಲ್ಲ. ನಾವು ಎಡಕ್ಕೊಂದಷ್ಟು ದೂರ, ಬಲಕ್ಕೊಂದಷ್ಟು ದೂರ ಹೋಗಿ ಹುಡುಕಿ ಬಂದೆವು.

ಅಷ್ಟರಲ್ಲಿ ಹಿಂದಿನಿಂದ ಮೊಪೆಡ್ಡಿನ ಹಾರ್ನ್ ಕೇಳಿಸಿತು. ಹುಲ್ಲಿನ ಹೊರೆ ಹೇರಿಕೊಂಡು ಬಂದ ಒಬ್ಬರು ನಮ್ಮ ಬಸ್ಸನ್ನು ದಾಟಲಾಗದೆ ನಿಂತಿದ್ದರು. "ಹೊಳೆ ಮಧ್ಯದಲ್ಲಿ ಬಸ್ ನಿಲ್ಸಿದೀರಲ್ರೀ! ಸೈಡ್‌ಗೆ ಹಾಕಿ, ಹೋಗೋರಿಗೆ ದಾರಿ ಬಿಡಿ!"

ಎಲ್ಲರೂ ನಮ್ಮ ನಮ್ಮ ಕಾಲಡಿ ನೋಡಿಕೊಂಡೆವು. ಆಮೇಲೆ ನಗು ಶುರುವಾಯಿತು. ಮೇಡಂ ನಕ್ಕು ನಕ್ಕು ಕೊಡೆಯ ಮೇಲೆ ಭಾರ ಹಾಕಿ ನಿಂತರು. ನಾವು ಹುಡುಕುತ್ತಿದ್ದ ನದಿಯೊಳಗೇ ನಾವು ವಾಲಿಬಾಲ್ ನೆಟ್ಟಿನ ಪಕ್ಕ ನಿಂತಿದ್ದೆವು.

ಆ ಮೊಪೆಡ್ಡಿನವರೇ, ಸ್ವಲ್ಪ ಮೇಲಕ್ಕೆ ಹೋದರೆ ಚೆಕ್‌ಡ್ಯಾಮಿನ ಹಿಂದೆ ನೀರು ನಿಂತಿದೆ ಎಂದು ಕೈ ತೋರಿಸಿ ಹೋದರು. ನಿಜಕ್ಕೂ ಇತ್ತು. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಸಣ್ಣ ಕಟ್ಟೆಯ ಹಿಂದೆ ತಿಳಿನೀರು, ತಳದ ಕಲ್ಲು ಕಾಣುವಷ್ಟು ತಿಳಿ. ನೀರಿನ ಮೇಲೆ ಬಾಗಿದ್ದ ಕೊಂಬೆಯಿಂದ ಒಂದು ಮಿಂಚುಳ್ಳಿ ಹಾರಿಹೋಯಿತು. ನಮ್ಮ ತಾಲ್ಲೂಕಿನಲ್ಲಿ ಇಂಥ ನೀರು ಇದೆ ಎಂದು ನಂಬಲು ಒಂದಷ್ಟು ಹೊತ್ತು ಬೇಕಾಯಿತು.

ನೀರಿನಲ್ಲಿ ಆಮ್ಲಜನಕ ಎಷ್ಟು ಕರಗಿದೆ ಎಂದು ನೋಡುವುದು ನಮ್ಮ ಮುಖ್ಯ ಪರೀಕ್ಷೆ. ಗುಳ್ಳೆ ಬಾರದ ಹಾಗೆ ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ ತುಂಬಿ, ಅದಕ್ಕೆ ಎರಡು ದ್ರಾವಣ ಒಂದಾದ ಮೇಲೊಂದು ಬಿಟ್ಟು, ಬಿರಡೆ ಮುಚ್ಚಿ ಅಲ್ಲಾಡಿಸಬೇಕು. ಆಮ್ಲಜನಕ ಚೆನ್ನಾಗಿದ್ದರೆ ಒಳಗೆ ಕಂದು ಬಣ್ಣದ ಗಸಿ ಕಟ್ಟುತ್ತದೆ. ಇಲ್ಲದಿದ್ದರೆ ಬರೀ ಬಿಳಿ. ನಾನು ಮಂಡಿಯವರೆಗೆ ನೀರಿನಲ್ಲಿ ಇಳಿದು ಬಾಟಲಿ ತುಂಬಿದೆ, ಗೆಳತಿ ದ್ರಾವಣ ಬಿಟ್ಟಳು. ಅಲ್ಲಾಡಿಸುತ್ತಿದ್ದ ಹಾಗೆ ಬೆಲ್ಲದ ಪಾಕದಂಥ ದಟ್ಟ ಕಂದು ತುಂಬಿಕೊಂಡಿತು.

"ಬ್ರೌನ್! ಮೇಡಂ, ಬ್ರೌನ್!" ಎಂದು ಅವಳು ಕೂಗಿದ ಕೂಗಿಗೆ ಬೆಟ್ಟ ತಿರುಗಿ ಕೂಗಿತು.

ಲ್ಯಾಬಿನಲ್ಲಿ ನಲ್ಲಿ ನೀರಿಗೆ ಇದೇ ಪರೀಕ್ಷೆಯನ್ನು ಎಷ್ಟೋ ಸಲ ಆಕಳಿಸುತ್ತ ಮಾಡಿದ್ದೆವು. ಇಲ್ಲಿ ಆಮ್ಲಜನಕದ ಲೆಕ್ಕ ಸಿಗಲು ಬಂಡೆಯ ಮೇಲೆ ಬ್ಯುರೆಟ್ಟಿನ ಗಾಜಿನ ಕೊಳವೆ ನಿಲ್ಲಿಸಿ, ಅದು ಬೀಳದ ಹಾಗೆ ಹೊಂಗೆಯ ಕೊಂಬೆಗೆ ದಾರ ಕಟ್ಟಿ, ಒಂದೊಂದೇ ಹನಿ ಬಿಡುವಾಗ ಎಲ್ಲರೂ ತಲೆಗೆ ತಲೆ ತಾಗಿಸಿ ನಿಂತಿದ್ದರು. ಕೊನೆಯಲ್ಲಿ, ಪಿಷ್ಟದ ದ್ರಾವಣ ಹಾಕಿದಾಗ ಬಂದಿದ್ದ ನೀಲಿ ಬಣ್ಣ ಮಾಯವಾಗಿ ನೀರು ತಿಳಿಯಾದಾಗ ಹುಡುಗರು ಸಿಳ್ಳೆ ಹೊಡೆದರು. ಟೈಟ್ರೇಶನ್ನಿನ ಹನಿ ಲೆಕ್ಕಕ್ಕೆ ಸಿಳ್ಳೆ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ಪಟ್ಟಣ ದಾಟಿ, ನದಿ ಕೆಳಗೆ ಇಳಿದು ಹೋಗುವ ಕಡೆಗೆ ಹೊರಟೆವು. ಬಾಶೆಟ್ಟಿಹಳ್ಳಿಯ ಹತ್ತಿರ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳ ಸಾಲಿನಲ್ಲಿ ನಮ್ಮ ಬಾಳೆಕಂದಿನ ಬಸ್ಸೂ ಸಿಕ್ಕಿಕೊಂಡಿತು. ಬೈಕಿನಲ್ಲಿ ಬರುತ್ತಿದ್ದ ಕೆಲಸಗಾರರು ಒಳಗೆ ಇಣುಕಿ ಮದುಮಗಳನ್ನು ಹುಡುಕುತ್ತಿದ್ದರು. ನಮ್ಮಪ್ಪನೂ ಅಲ್ಲೇ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದರು. ಎಲ್ಲಿ ಅವರೂ ನೋಡಿಬಿಡುತ್ತಾರೋ ಎಂದು ನಾನು ಕ್ರೇಟಿನ ಮೇಲೆ ಬಗ್ಗಿ ಕುಳಿತೆ.

ಮೇಡಂ ನಕ್ಷೆ ನೋಡಿ ಗುರುತು ಮಾಡಿಕೊಂಡಿದ್ದ ಊರಿನೊಳಕ್ಕೆ ಬಸ್ಸು ತಿರುಗಿದಾಗ ನಾನು ಇನ್ನಷ್ಟು ಬಗ್ಗಿದೆ. ಅದು ನಮ್ಮ ದೊಡ್ಡಮ್ಮನ ಊರು. ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ಒಂದು ಸಲ ಕೈಗೆ ಸಿಕ್ಕರೆ ಊಟ ಹಾಕದೆ ಬಿಡುವವರಲ್ಲ.

ಬಸ್ಸು ಹಾಲಿನ ಡೈರಿಯ ಮುಂದೆ ನಿಲ್ಲುವುದಕ್ಕೂ ಊರಿನ ಹೆಂಗಸರು ಸುತ್ತ ಸೇರುವುದಕ್ಕೂ ಸರಿಹೋಯಿತು. ಬಾಳೆಕಂದು, ಹಾರ, ತೋರಣ ಎಲ್ಲ ನೋಡಿ ಅವರು ಯಾರದೋ ಮನೆಗೆ ಗಂಡಿನ ಕಡೆಯವರು ಬಂದಿದ್ದಾರೆ ಎಂದೇ ತಿಳಿದಿದ್ದರು. ಗುಂಪನ್ನು ಸೀಳಿಕೊಂಡು ದೊಡ್ಡಮ್ಮ ಬಂದರು.

"ಅಯ್ಯೋ ನನ್ ಕಂದ! ನೀನಾ? ಯಾರ್ ಮದ್ವೆಗೆ ಬಂದೆ? ನಿಮ್ಮಮ್ಮ ಒಂದ್ ಮಾತೂ ಹೇಳ್ಲಿಲ್ವಲ್ಲ!"

"ಮದ್ವೆ ಅಲ್ಲ ದೊಡ್ಡಮ್ಮ, ಕಾಲೇಜಿಂದ ಬಂದಿದೀವಿ. ನೀರು ಟೆಸ್ಟ್ ಮಾಡಕ್ಕೆ."

ದೊಡ್ಡಮ್ಮ ನನ್ನ ಮಾತನ್ನು ಪೂರ್ತಿ ನಂಬಲಿಲ್ಲ. ಬಸ್ಸಿನಿಂದ ಇಳಿಯುತ್ತಿದ್ದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಮೇಲಿಂದ ಕೆಳಗೆ ನೋಡಿ, ನನ್ನ ಕಿವಿಯ ಹತ್ತಿರ ಬಂದು, ಆದರೆ ಎಲ್ಲರಿಗೂ ಕೇಳುವ ಹಾಗೆ, "ಇವ್ರಲ್ಲಿ ಗಂಡು ಯಾವ್ನು?" ಅಂದರು.

ಹುಡುಗರು "ಲೇ, ನೀನೇ ಹೋಗೋ ಗುರು" ಎಂದು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಲು ಶುರುಮಾಡಿದರು. ಗೆಳತಿ ಹೊಟ್ಟೆ ಹಿಡಿದುಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನನ್ನ ಮುಖ ಎಷ್ಟು ಕೆಂಪಾಗಿತ್ತೋ ಗೊತ್ತಿಲ್ಲ. ಕ್ರೇಟ್ ಎತ್ತಿಕೊಂಡು ಹೊಳೆಯ ಕಡೆಗೆ ಓಡಿದೆ. ದೊಡ್ಡಮ್ಮನೂ ಅವರ ಜೊತೆಯ ಹೆಂಗಸರೂ ಹಿಂದೆಯೇ ಬಂದರು.

ಊರ ಹಿಂದಿನ ಹೊಳೆಯಲ್ಲಿ ನೀರು ಬೇಕಾದಷ್ಟಿತ್ತು. ಆದರೆ ಅದು ಕಪ್ಪಗಿತ್ತು. ಕಟ್ಟೆಯ ಹತ್ತಿರ ನೊರೆ ಹತ್ತಿಯ ರಾಶಿಯಂತೆ ನಿಂತು ಗಾಳಿಗೆ ಅಲ್ಲಾಡುತ್ತಿತ್ತು. ವಾಸನೆಗೆ ಹುಡುಗಿಯರೆಲ್ಲ ದುಪಟ್ಟಾವನ್ನು ಮೂಗಿಗೆ ಕಟ್ಟಿಕೊಂಡೆವು. ಇಲ್ಲಿ ಯಾರೂ ನೀರಿಗೆ ಇಳಿಯಬಾರದು ಎಂದು ಮೇಡಂ ಗ್ಲೌಸ್ ಹಾಕಿಸಿ, ಬಾಟಲಿಗೆ ಹಗ್ಗ ಕಟ್ಟಿ ಕಾಲುಸೇತುವೆಯ ಮೇಲಿಂದ ಇಳಿಬಿಡಿಸಿದರು. ದ್ರಾವಣಗಳನ್ನು ಹಾಕಿ ಅಲ್ಲಾಡಿಸಿದೆ. ಬಾಟಲಿಯೊಳಗೆ ಬಂದದ್ದು ಬಿಳಿ. ಸುಣ್ಣದ ನೀರಿನಂಥ ಬಿಳಿ. ನಂಬದೆ ಇನ್ನೊಂದು ಬಾಟಲಿ ತುಂಬಿದೆವು. ಅದೂ ಬಿಳಿ.

ದೊಡ್ಡಮ್ಮನ ಮುಖ ಮಾತ್ರ ಅರಳಿತು. "ಬೆಳ್ಳಗಾಯ್ತಲ್ಲ! ಹಂಗಾದ್ರೆ ನೀರು ಶುದ್ಧವಾಗಿದೆ ಅಂತಲ್ವೇನೇ?"

ಹೆಂಗಸರೆಲ್ಲ ನನ್ನ ಕೈಯಲ್ಲಿದ್ದ ಬಾಟಲಿಯನ್ನೇ ನೋಡುತ್ತಿದ್ದರು. ನಾನು ಮೇಡಂ ಕಡೆ ನೋಡಿದೆ. ಅವರು ಬೇಕೆಂದೇ ಬೇರೆ ಕಡೆ ನೋಡುತ್ತ ನಿಂತಿದ್ದರು. ಗೆಳತಿಯೂ, ಅದೇನು ಕೃಪೆಯೋ, ಅವತ್ತು ಬಾಯಿ ಬಿಡಲಿಲ್ಲ. ನಾನೇ ಹೇಳಬೇಕಾಯಿತು.

"ಇಲ್ಲ ದೊಡ್ಡಮ್ಮ. ಈ ಪರೀಕ್ಷೇಲಿ ಬಿಳಿ ಬಂದ್ರೆ ಕೆಟ್ಟದ್ದು. ನೀರಲ್ಲಿ ಗಾಳಿ ಕರಗಿರುತ್ತೆ, ಮೀನು ಉಸಿರಾಡೋದು ಅದನ್ನೇ. ಇದರಲ್ಲಿ ಅದು ಇಲ್ವೇ ಇಲ್ಲ. ಮೀನು ಬಿಟ್ರೆ ಬದುಕಲ್ಲ."

"ಬಿಟ್ರೆ ಏನು, ಇರೋವೇ ಹೋದ್ವಲ್ಲ" ಎಂದರು ದೊಡ್ಡಮ್ಮ. ಕಾಲುಸೇತುವೆಯ ಕಟಾಂಜನ ಹಿಡಿದು ನಿಂತರು. "ನಾನು ಮದ್ವೆಯಾಗಿ ಬಂದಾಗ ಇಲ್ಲೇ ಬಟ್ಟೆ ಒಗೀತಿದ್ವಿ. ನೀರಲ್ಲಿ ನಿಂತ್ರೆ ಸಣ್ಣ ಸಣ್ಣ ಮೀನು ಬಂದು ಕಾಲು ಕಚ್ಚೋವು. ನಂಗೆ ಕಚಗುಳಿ, ನಗು ತಡೆಯಕ್ಕಾಗ್ತಿರ್ಲಿಲ್ಲ. ಹೊಸ ಸೊಸೆ ಹೊಳೇಲಿ ನಿಂತ್ಕೊಂಡು ಒಬ್ಳೇ ನಗ್ತಾಳೆ ಅಂತ ನಮ್ಮತ್ತೆ ಯಾರ್ಗೋ ಹೇಳಿ ತಾಯತ ಕಟ್ಟಿಸ್ಬಿಟ್ರು ಕಣೇ!"

ಹೆಂಗಸರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆದರೆ ಆ ಬಾಟಲಿಯನ್ನು ಕ್ರೇಟಿಗೆ ಇಡುವಾಗ ಕೈ ಭಾರವಾಗಿತ್ತು.

ಇಷ್ಟಕ್ಕೇ ನಮ್ಮ ಕೆಲಸ ಮುಗಿಯಬೇಕಿತ್ತು. ಆದರೆ ನೀರು ನೋಡುವವರು ಬಂದಿದ್ದಾರೆ ಎಂಬ ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಡೈರಿಯ ಮುಂದೆ ವಾಪಸು ಬಂದಾಗ ಬಿಂದಿಗೆ, ಸ್ಟೀಲ್ ಲೋಟ, ಟಿಫಿನ್ ಡಬ್ಬಿ, ಕೈಗೆ ಸಿಕ್ಕಿದ್ದರಲ್ಲಿ ಮನೆಮನೆಯ ನಲ್ಲಿ ನೀರು ಹಿಡಿದುಕೊಂಡು ಹೆಂಗಸರು ಕಾಯುತ್ತಿದ್ದರು. "ನಮ್ದೂ ಒಂದ್ ನೋಡ್ಬಿಡಿ ಮೇಡಂ."

ಅದರಲ್ಲಿ ಎರಡು ಪಂಗಡ. ಮೇಲಿನ ಬೀದಿಯವರು, ತಮ್ಮ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಕೆಳಗಿನ ಬೀದಿಯ ನೀರು ಗಡಸು ಎನ್ನುವವರು. ಕೆಳಗಿನ ಬೀದಿಯವರು, ತಮ್ಮ ನೀರಿನ ಕಾಫಿಯ ರುಚಿಯೇ ಬೇರೆ, ಮೇಲಿನವರದ್ದು ಚಪ್ಪೆ ಎನ್ನುವವರು. ದೊಡ್ಡಮ್ಮ ಕೆಳಗಿನ ಬೀದಿಯ ಮುಂದಾಳು.

ಮೇಡಂ ಕೊಡೆ ಮಡಚಿ ಡೈರಿಯ ಜಗಲಿಯ ಮೇಲೆ ಕುಳಿತರು. "ಆಯ್ತು, ನೋಡೇಬಿಡೋಣ."

ನೀರಿನ ಗಡಸುತನ ನೋಡುವ ಪರೀಕ್ಷೆ ನೋಡಲು ಚೆಂದ. ಒಂದು ಪುಡಿ ಹಾಕಿದರೆ ನೀರು ದ್ರಾಕ್ಷಿ ಹಣ್ಣಿನ ಕೆಂಪಾಗುತ್ತದೆ. ಆಮೇಲೆ ಹನಿ ಹನಿಯಾಗಿ ಇನ್ನೊಂದು ದ್ರಾವಣ ಬಿಡುತ್ತ ಹೋದರೆ ಒಮ್ಮೆಗೇ ನೀಲಿಗೆ ತಿರುಗುತ್ತದೆ. ಹೆಚ್ಚು ಹನಿ ಬೇಕಾದಷ್ಟೂ ನೀರು ಗಡಸು. ಮೇಲಿನ ಬೀದಿಯ ನೀರಿಗೆ ಎಲ್ಲರೂ ಸೇರಿ ಗಟ್ಟಿಯಾಗಿ ಎಣಿಸಿದರು. ಕೆಳಗಿನ ಬೀದಿಯ ನೀರಿಗೂ ಎಣಿಸಿದರು. ಎರಡಕ್ಕೂ ಒಂದೇ ಲೆಕ್ಕ. ಬೇರೆ ಮನೆಗಳ ನೀರು ತೆಗೆದುಕೊಂಡರೂ ಅಷ್ಟೇ.

"ಮೋಸ!" ಅಂದರು ಮೇಲಿನ ಬೀದಿಯ ಒಬ್ಬಾಕೆ.

ಊರಿಗೆ ನೀರು ಬಿಡುವ ನೀರುಗಂಟಿ ಅಲ್ಲೇ ಬೈಕಿನ ಮೇಲೆ ಕುಳಿತು ನೋಡುತ್ತಿದ್ದರು. "ಮೋಸ ಎಲ್ಲಿ ಬಂತಕ್ಕ? ಹಳೇ ಬೋರ್‌ವೆಲ್ ಬತ್ತಿಹೋದ ಮೇಲೆ ಎರಡು ಬೀದಿಗೂ ಒಂದೇ ಟ್ಯಾಂಕಿಂದ ಬಿಡ್ತಿರೋದು. ನೀವು ಜಗಳ ಆಡೋದು ಚೆನ್ನಾಗಿತ್ತು ಅಂತ ನಾನು ಹೇಳಕ್ಕೆ ಹೋಗ್ಲಿಲ್ಲ."

ಆ ಮನುಷ್ಯನ ಮೇಲೆ ಎರಡೂ ಬೀದಿಯವರು ಒಟ್ಟಾಗಿ ಬಿದ್ದರು. ಬಹಳ ದಿನಗಳ ಮೇಲೆ ಊರು ಒಗ್ಗಟ್ಟಾಗಿದ್ದು ಅವತ್ತೇ ಇರಬೇಕು.

ಊಟ ದೊಡ್ಡಮ್ಮನ ಮನೆಯಲ್ಲೇ. ಬೇಡವೆಂದು ಮೇಡಂ ಎಷ್ಟು ಹೇಳಿದರೂ ಕೇಳಲಿಲ್ಲ. ಅಕ್ಕಪಕ್ಕದ ಮನೆಗಳಿಂದಲೂ ಪಾತ್ರೆ ಬಂದವು. ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಮೇಡಂ ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ಅಗಿಯಲು ಶುರುಮಾಡಿದಾಗ ದೊಡ್ಡಮ್ಮ, "ಅಗೀಬಾರ್ದು ಕಣಮ್ಮ, ನುಂಗ್ಬೇಕು" ಎಂದು ಮುಂದೆ ಕುಳಿತು ನುಂಗಿಸಿಯೇ ಎದ್ದರು.

ಹೊರಡುವ ಮುಂಚೆ ಮೇಡಂ ಬ್ಯಾಗಿನಿಂದ ಸಣ್ಣ ಸಣ್ಣ ಸೀಸೆಗಳನ್ನು ತೆಗೆದರು. ಒಳಗೆ ಒಂದು ಕಾಗದದ ಪಟ್ಟಿ. ಕುಡಿಯುವ ನೀರನ್ನು ಇದರಲ್ಲಿ ತುಂಬಿ ಬೆಚ್ಚಗೆ ಇಟ್ಟರೆ, ನೀರಿಗೆ ಚರಂಡಿಯ ಕೊಳೆ ಸೇರಿದ್ದಲ್ಲಿ ಅದು ಕಪ್ಪಗಾಗುತ್ತದೆ. ಬಂದಿದ್ದೇವಲ್ಲ, ಇದನ್ನೂ ನೋಡಿಬಿಡೋಣ ಎಂದರು. ಎರಡೂ ಬೀದಿಗಳ ಕೆಲವು ನಲ್ಲಿಗಳು, ಟ್ಯಾಂಕು, ಅಂಗನವಾಡಿ, ಎಲ್ಲದರಿಂದ ತುಂಬಿಕೊಂಡು, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ ಕಾಲೇಜಿಗೆ ಒಯ್ದೆವು.

ಮಾರನೆಯ ದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದವಳು ಗೆಳತಿ. ಅವಳ ಕೂಗು ನನಗೆ ಗೇಟಿನಲ್ಲೇ ಕೇಳಿಸಿತು. ಮೇಲಿನ ಬೀದಿಯ ಸೀಸೆಗಳು, ಟ್ಯಾಂಕಿನ ಸೀಸೆ ಹಾಗೇ ಇದ್ದವು. ಕೆಳಗಿನ ಬೀದಿಯವೂ ಅದೇ ಬೀದಿಯ ಅಂಗನವಾಡಿಯದೂ ಮಸಿಯಂತೆ ಕಪ್ಪಾಗಿದ್ದವು.

"ಟ್ಯಾಂಕ್ ಒಂದೇ ಅಂದ್ರಲ್ಲ" ಎಂದೆ ನಾನು. "ಟ್ಯಾಂಕಲ್ಲಿ ಸರಿ ಇದೆ, ಮೇಲಿನ ಬೀದೀಲಿ ಸರಿ ಇದೆ. ಕೆಳಗಿನ ಬೀದಿಗೆ ಹೋಗೋ ದಾರೀಲೇ ಎಲ್ಲೋ ಏನೋ ಆಗಿರ್ಬೇಕು ಮೇಡಂ."

ಮೇಡಂ ತಲೆಯಾಡಿಸಿ, "ಮೊದ್ಲು ನಿಮ್ಮ ದೊಡ್ಡಮ್ಮಂಗೆ ಫೋನ್ ಮಾಡು. ಎಲ್ರೂ ನೀರು ಕಾಯಿಸಿ ಕುಡೀಲಿ" ಎಂದರು. ಆಮೇಲೆ ತಾವೇ ಪಂಚಾಯಿತಿ ಕಚೇರಿಗೆ ಫೋನ್ ಮಾಡಿದರು.

ದೊಡ್ಡಮ್ಮನಿಗೆ ವಿಷಯ ತಲುಪಿದರೆ ಮೈಕ್ ಹಾಕಿಸಿದ ಹಾಗೆ. ಮಧ್ಯಾಹ್ನದೊಳಗೆ ಕೆಳಗಿನ ಬೀದಿಯ ಎಲ್ಲ ಮನೆಗಳಲ್ಲೂ ಒಲೆಯ ಮೇಲೆ ನೀರು ಕುದಿಯುತ್ತಿತ್ತಂತೆ. ಸಂಜೆ ನಾನು, ಗೆಳತಿ, ಮೇಡಂ ಮತ್ತೆ ಹೋದಾಗ ನೀರುಗಂಟಿ ಪೈಪು ಹೋಗುವ ದಾರಿಯುದ್ದಕ್ಕೂ ಅಗೆಸುತ್ತಿದ್ದರು. ಚರಂಡಿಯ ಅಡಿಯಲ್ಲಿ ಪೈಪಿನ ಜೋಡಣೆ ಬಿಟ್ಟುಕೊಂಡಿತ್ತು. ನೀರು ಬಿಟ್ಟಾಗ ಹೊರಗೆ ಸೋರುವುದು, ನಿಲ್ಲಿಸಿದಾಗ ಚರಂಡಿಯನ್ನೇ ಒಳಕ್ಕೆ ಎಳೆದುಕೊಳ್ಳುವುದು. ಅಂಗನವಾಡಿಯ ಮಕ್ಕಳಿಗೆ ಪದೇ ಪದೇ ಹೊಟ್ಟೆ ಕೆಡುತ್ತಿದ್ದದ್ದು ಯಾಕೆಂದು ಅಲ್ಲಿನ ಟೀಚರಿಗೆ ಅವತ್ತು ಗೊತ್ತಾಯಿತು. ಅವರು ನಮ್ಮ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ಹೊಸ ಪೈಪನ್ನು ಚರಂಡಿಯ ಮೇಲಿಂದ ಎಳೆದರು. ಮತ್ತೆ ಸೀಸೆ ತುಂಬಿ ಇಟ್ಟೆವು. ಕಪ್ಪಾಗಲಿಲ್ಲ.

ಆದರೆ ಹೊಳೆಯ ಮಾತು ಹಾಗೇ ಉಳಿದಿತ್ತು. ಮುಂದಿನ ಗ್ರಾಮಸಭೆಯಲ್ಲಿ ಕಾಲೇಜಿನ ಮಕ್ಕಳು ಬಂದು ಹೊಳೆಯ ನೀರಿನ ವಿಷಯ ಹೇಳಬೇಕು ಎಂದು ಊರಿನವರು ಹೇಳಿಕಳಿಸಿದರು. ಹೇಳುವವಳು ನಾನು ಎಂದು ಮೇಡಂ ನಿರ್ಧರಿಸಿಬಿಟ್ಟಿದ್ದರು. "ಸೇತುವೆ ಮೇಲೆ ಹೇಳಿದ್ಯಲ್ಲ, ಹಂಗೇ ಹೇಳು."

ಸಭೆಯ ಹಿಂದಿನ ದಿನ ಮನೆಯಲ್ಲಿ ಅಪ್ಪ ಕೇಳಿದರು, "ಅಲ್ಲಿ ಏನ್ ಹೇಳ್ತೀಯ?"

ನನಗೆ ಅದೇ ಯೋಚನೆಯಾಗಿತ್ತು. ನಮ್ಮ ಮನೆಯ ಅನ್ನ, ನನ್ನ ಕಾಲೇಜು ಎಲ್ಲ ಬಂದದ್ದು ಬಾಶೆಟ್ಟಿಹಳ್ಳಿಯ ಅಪ್ಪನ ಕೆಲಸದಿಂದ. ಹೊಳೆಗೆ ಪಟ್ಟಣದ ಚರಂಡಿಯೂ ಬರುತ್ತದೆ, ಕಾರ್ಖಾನೆಗಳ ಕೊಳೆಯೂ ಬರುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದರು. "ನಿಮ್ಗೇನಾದ್ರೂ ತೊಂದ್ರೆ ಆಗುತ್ತಾ ಅಪ್ಪ?" ಎಂದೆ.

ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡರು. "ನೀನು ಬಾಟ್ಲೀಲಿ ನೋಡಿದ್ದೆಷ್ಟೋ ಅಷ್ಟನ್ನ ಧೈರ್ಯವಾಗಿ ಹೇಳು. ಯಾರ್ದು, ಎಲ್ಲಿಂದ ಬಂತು ಅಂತ ನೀನು ನೋಡಿಲ್ವಲ್ಲ, ಅದನ್ನ ಹೇಳಕ್ಕೆ ಹೋಗ್ಬೇಡ. ಹುಡುಕೋರು ಹುಡುಕ್ಲಿ. ನಂಗ್ಯಾಕೆ ತೊಂದ್ರೆ? ನಾನೂ ಇದೇ ತಾಲ್ಲೂಕಿನ ನೀರು ಕುಡಿಯೋನೇ ತಾನೆ?"

ಗ್ರಾಮಸಭೆ ಶಾಲೆಯ ಮೈದಾನದಲ್ಲಿ. ಶಾಮಿಯಾನದ ಕೆಳಗೆ ಊರೆಲ್ಲ ಸೇರಿತ್ತು. ಮೈಕ್ ನನ್ನ ಕೈಗೆ ಬಂದ ಕೂಡಲೇ ಕೀಂ ಎಂದು ಕಿರುಚಿತು. ಮುಂದಿನ ಸಾಲಿನಲ್ಲಿ ದೊಡ್ಡಮ್ಮ, ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟುಕೊಂಡು ಕುಳಿತಿದ್ದರು. ನಾನು ಅವರೊಬ್ಬರನ್ನೇ ನೋಡಿಕೊಂಡು, ಅವರೊಬ್ಬರಿಗೇ ಹೇಳುವ ಹಾಗೆ ಹೇಳಿದೆ. ಮೇಲೆ ಬೆಟ್ಟದ ಬುಡದಲ್ಲಿ ಇದೇ ನದಿಯ ನೀರು ಹೇಗಿದೆ, ಇಲ್ಲಿಗೆ ಬರುವ ಹೊತ್ತಿಗೆ ಹೇಗಾಗಿದೆ. ಎರಡೂ ಕಡೆಯ ನೀರಿನ ಬಾಟಲಿ ಎತ್ತಿ ತೋರಿಸಿದೆ. ಈ ನೀರನ್ನು ದನಗಳಿಗೆ ಕುಡಿಸಬೇಡಿ, ಸೊಪ್ಪಿಗೆ ಹಾಯಿಸಬೇಡಿ ಎಂದೆ.

ಹಿಂದಿನಿಂದ ಯಾರೋ ಎದ್ದು ನಿಂತು ಕೇಳಿದರು: "ಯಾರು ಕೆಡಿಸಿದ್ದು ಅಂತ ಹೇಳಮ್ಮ. ಯಾವ ಫ್ಯಾಕ್ಟ್ರಿ? ಹೆಸರು ಹೇಳು!"

"ಅದು ನಂಗೊತ್ತಿಲ್ಲಣ್ಣ. ಈ ನೀರಲ್ಲಿ ಏನಿಲ್ಲ ಅಂತ ನಾವು ನೋಡಿದೀವಿ. ಎಲ್ಲಿಂದ ಕೆಡ್ತಾ ಬಂತು ಅಂತ ನೋಡ್ಬೇಕಂದ್ರೆ ಮೇಲಿಂದ ಕೆಳಗಿನ ತನಕ ಎಲ್ಲಾ ಕಡೆ ನೀರು ತೆಗೆದು ನೋಡ್ಬೇಕು. ಅದನ್ನ ಮಾಡಿಸಿ ಅಂತ ನೀವು ಕೇಳಿ. ನಾವೂ ಜೊತೆಗೆ ಬರ್ತೀವಿ."

ನನ್ನ ಧ್ವನಿ ಶಾಮಿಯಾನದ ಆಚೆಯ ಸ್ಪೀಕರಿನಿಂದ ತಿರುಗಿ ಬಂದು ನನಗೇ ಕೇಳಿಸಿತು. ನನ್ನದೇ ಎಂದು ಗುರುತು ಸಿಗಲಿಲ್ಲ. ಚಪ್ಪಾಳೆ ಬಿತ್ತು. ತಲೆ ಎತ್ತಿ ನೋಡಿದರೆ ಜನರ ಹಿಂದೆ, ಸ್ಕೂಟರಿಗೆ ಒರಗಿಕೊಂಡು, ಫಸ್ಟ್ ಶಿಫ್ಟ್ ಮುಗಿಸಿ ಕಾರ್ಖಾನೆಯ ಅಂಗಿಯಲ್ಲೇ ಬಂದಿದ್ದ ಅಪ್ಪ ನಿಂತಿದ್ದರು. ಅವರು ಚಪ್ಪಾಳೆ ತಟ್ಟುತ್ತಿರಲಿಲ್ಲ. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಿದ್ದರು.

ಅಂದಿನ ಸಭೆಯ ಠರಾವು ಮೇಲಧಿಕಾರಿಗಳಿಗೆ ಹೋಯಿತು. ಕೆಲವು ತಿಂಗಳ ಮೇಲೆ ಅಧಿಕಾರಿಗಳು ಬಂದು ಹಲವು ಕಡೆ ನೀರು ತೆಗೆದುಕೊಂಡು ಹೋದರು, ಆಮೇಲೂ ಬಂದರು. ಹೊಳೆ ತಿಳಿಯಾಗಿದೆ ಎಂದು ನಾನು ಹೇಳಲಾರೆ, ಆಗಿಲ್ಲ. ಆದರೆ ದನಗಳಿಗೆ ಬೇರೆ ನೀರಿನ ತೊಟ್ಟಿ ಕಟ್ಟಿಸಿದರು. ಪ್ರತಿ ವರ್ಷ ಮೇಡಂ ಹೊಸ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾರೆ, ಊರಿನವರೂ ಈಗ ತಾವೇ ಸೀಸೆ ತುಂಬಿ ನಲ್ಲಿ ನೀರು ನೋಡಿಕೊಳ್ಳುತ್ತಾರೆ. ಗೆಳತಿ ತ್ಯಾಮಗೊಂಡ್ಲು ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳ ಪಾಠ ಪಕ್ಕದ ಎರಡು ಕ್ಲಾಸಿಗೂ ಕೇಳಿಸುತ್ತದೆ ಎಂದು ಅವಳೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ.

ನಾನು ಎಂ.ಎಸ್ಸಿ. ಮುಗಿಸಿ ಈಗ ಒಂದು ನೀರು ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಜನ ಬಂದು ಮೇಜಿನ ಮೇಲೆ ನೀರು ಇಟ್ಟು ಕಥೆ ಶುರುಮಾಡುತ್ತಾರೆ. ಹೋದ ವಾರ ನೆಲಮಂಗಲದ ಕಡೆಯ ಒಬ್ಬ ಹುಡುಗಿ ಎರಡು ಬಾಟಲಿ ತಂದಿದ್ದಳು. ಹೊಸದಾಗಿ ಮದುವೆಯಾದವಳು. ಒಂದು ತವರಿನ ನೀರು, ಒಂದು ಗಂಡನ ಮನೆಯದು. "ಮದ್ವೆ ಆದಾಗಿಂದ ನನ್ ಕೂದ್ಲು ಉದುರ್ತಿದೆ ಮೇಡಂ. ಅವ್ರ ಮನೆ ನೀರೇ ಸರಿಯಿಲ್ಲ, ತುಂಬಾ ಗಡಸು. ಒಂದ್ ರಿಪೋರ್ಟ್ ಕೊಡಿ, ನಮ್ಮತ್ತೆಗೆ ತೋರಿಸ್ಬೇಕು."

ಪರೀಕ್ಷೆ ಮಾಡಿದೆ. ಗಂಡನ ಮನೆಯ ನೀರು ಬಲು ಮೆದು. ಗಡಸಾಗಿದ್ದದ್ದು ತವರಿನ ನೀರು. ಮೆಲ್ಲಗೆ ಹೇಳಿದೆ. ಅವಳು ಎರಡೂ ಬಾಟಲಿಗಳನ್ನು ಪಟಕ್ಕನೆ ಬ್ಯಾಗಿಗೆ ಹಾಕಿಕೊಂಡಳು.

"ರಿಪೋರ್ಟ್ ಬೇಡ ಮೇಡಂ. ನಾನು ಇಲ್ಲಿಗೆ ಬರ್ಲೇ ಇಲ್ಲ ಅಂದ್ಕೊಳ್ಳಿ."

ಹೊರಗೆ ಬೈಕಿನ ಮೇಲೆ ಎಳನೀರು ಕುಡಿಯುತ್ತಿದ್ದ ಅವಳ ಗಂಡ ಕಿಟಕಿಯಿಂದ ಇಣುಕಿ, "ಏನಂತೆ ಮೇಡಂ, ನಮ್ಮನೆ ನೀರು?" ಎಂದು ಕೇಳಿದ. ಅವಳು ನನ್ನ ಮುಖ ನೋಡಿದಳು.

"ಚೆನ್ನಾಗಿದೆಯಪ್ಪ, ಏನೂ ತೊಂದ್ರೆ ಇಲ್ಲ" ಎಂದೆ. ಅಷ್ಟು ಹೇಳಿದರೆ ಸಾಕಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ಹೊರಗೆ ಹೋಗಿ, ಅವನ ಕೈಯಿಂದ ಎಳನೀರು ಕಿತ್ತುಕೊಂಡು ಉಳಿದದ್ದನ್ನು ತಾನೇ ಕುಡಿದು ಮುಗಿಸಿದಳು.